ಬಸ್ ಹಾದಿಯ ಮೇಲೆ ಅಪ್ಪನ ವಿಮಾನ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕನಸಿನಲ್ಲಿ ಅಜ್ಜಿ ಬಂದು ಎಚ್ಚರಿಸಿದಳು, ಕಾಗೆ ಕೂಗಿತೆಂದು ಪ್ರಯಾಣ ಬಿಟ್ಟು ಬಚಾವಾದೆ ಎಂದು ಯಾರಾದರೂ ಶುರು ಮಾಡಿದರೆ ಸಾಕು, ನಡುವೆ ಬಾಯಿ ಹಾಕಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಅವರ ಉಮೇದು ಇಳಿಸಿಬಿಡುತ್ತಿದ್ದೆ. ಅಜ್ಜಿ ಕನಸಿನಲ್ಲಿ ಬಂದೂ ಏನೂ ಆಗದೆ ಹೋದ ರಾತ್ರಿಗಳ ಮಾತು ಯಾಕೆ ಯಾರೂ ಎತ್ತುವುದಿಲ್ಲ ಎಂಬುದು ನನ್ನ ಖಾಯಂ ಪ್ರಶ್ನೆ. ಇದಕ್ಕೇ ನಮ್ಮವ್ವ ನನ್ನನ್ನು ‘ವಕೀಲ ಸಾಬ’ ಎಂದು ಚೇಷ್ಟೆ ಮಾಡುತ್ತಿದ್ದಳು. ಈಗಲೂ ನಾನು ಅದೇ ಮನುಷ್ಯ. ಆದರೆ ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ನನ್ನ ವಕೀಲಿ ನಡೆಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ಗಂಟು ಬೀಳುವುದಿಲ್ಲ.

ವಿಮಾನದ ಹುಚ್ಚು ನನಗೆ ಹಿಡಿದದ್ದು ಜಹೀರಾಬಾದಿನಲ್ಲಿ. ಅಪ್ಪ ಬಸ್ ಡ್ರೈವರ್. ನಾರಾಯಣಖೇಡ, ಆಮೇಲೆ ಜಹೀರಾಬಾದ್, ಕೊನೆಗೆ ತಾಂಡೂರು ಎಂದು ಡಿಪೋದಿಂದ ಡಿಪೋಕ್ಕೆ ಬದಲಿಯಾಗುತ್ತ ನಮ್ಮನ್ನೂ ಹಿಂದೆ ಕಟ್ಟಿಕೊಂಡು ತಿರುಗಿದವರು. ಜಹೀರಾಬಾದಿನ ನಮ್ಮ ಮಾಳಿಗೆ ಮೇಲೆ ನಿಂತರೆ ಬೀದರ್ ಕಡೆಯಿಂದ ತರಬೇತಿ ವಿಮಾನಗಳು ಬಂದು, ಸರಿಯಾಗಿ ಊರ ನೆತ್ತಿಯ ಮೇಲೆ ಹೊರಳಿ ಹೋಗುತ್ತಿದ್ದವು. ಒಳಗೆ ಕೂತವನು ನಿನಗಿಂತ ಬಹಳ ದೊಡ್ಡವನೇನಲ್ಲ ಎಂದು ಮಾಸ್ತರರು ಹೇಳಿದ ದಿನವೇ ನನ್ನ ಓದು ಕೆಟ್ಟಿತು. ಕಣ್ಣಿಗೆ ದಪ್ಪ ಚಷ್ಮಾ ಬಂದ ಮೇಲೆ ಪೈಲಟ್ ಆಗುವ ಮಾತೂ ಮುಗಿಯಿತು. ಹುಚ್ಚು ಮಾತ್ರ ಉಳಿಯಿತು. ಮುಂದೆ ತಾಂಡೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ, ಹೈದರಾಬಾದಿನ ಫುಟ್‌ಪಾತಿನಿಂದ ವಿಮಾನ ಹಾರಿಸುವ ಸಿಮ್ಯುಲೇಟರ್ ಸಿ.ಡಿ.ಯನ್ನೂ ಒಂದು ಜಾಯ್‌ಸ್ಟಿಕ್ಕನ್ನೂ ತಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದರಲ್ಲಿ ಗುಂಡು ಹೊಡೆಯುವುದಿಲ್ಲ, ಸೋಲು ಗೆಲುವಿಲ್ಲ. ಪರದೆಯ ಮೇಲೆ ವಿಮಾನದ ಮೀಟರುಗಳು, ಅದರಾಚೆ ಆಕಾಶ, ಕೆಳಗೆ ನೆಲ. ಎಬ್ಬಿಸಬೇಕು, ಹಾರಿಸಬೇಕು, ಇಳಿಸಬೇಕು, ಅಷ್ಟೇ.

ಅದು ತೆಲಂಗಾಣ ಚಳವಳಿ ಕಾವೇರಿದ ಕಾಲ. ಮುಷ್ಕರ ಶುರುವಾಗಿ ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತವು. ಅಪ್ಪನೂ ಮುಷ್ಕರದಲ್ಲಿದ್ದರು. ಮುಂಜಾನೆ ಹೋಗಿ ಪೆಂಡಾಲಿನಲ್ಲಿ ಕೂತು ಘೋಷಣೆ ಕೂಗಿ, ಊಟಕ್ಕೆ ಮನೆಗೆ ಬಂದರೆ ಮುಂದೆ ಏನು ಮಾಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದು ಹಿಡಿದು ರೂಢಿಯಾದ ಕೈ. ಸುಮ್ಮನೆ ಕೂತಾಗ ತೊಡೆಯ ಮೇಲೆ ಅದರಷ್ಟಕ್ಕೆ ಅದೇ ಹೊರಳುತ್ತಿತ್ತು. ಒಂದು ದಿನ ಕರುಣೆ ಬಂದು ಜಾಯ್‌ಸ್ಟಿಕ್ ಅವರ ಕೈಗೆ ಕೊಟ್ಟೆ. ಅಲ್ಲಿಗೆ ನನ್ನ ಕಂಪ್ಯೂಟರ್ ನನ್ನದಾಗಿ ಉಳಿಯಲಿಲ್ಲ.

ಅಪ್ಪ ವಿಮಾನವನ್ನು ಬಸ್ಸಿನ ಹಾಗೇ ಓಡಿಸಿದರು. ಬೀದರಿನ ರನ್‌ವೇಯಿಂದ ಏಳುವುದು, ರೈಲು ಹಳಿ ಹುಡುಕಿ ಹಿಡಿದು ತಾಂಡೂರಿಗೆ ಬರುವುದು, ಅಲ್ಲಿಂದ ತಮ್ಮ ಹಳೆಯ ರೂಟಿನಲ್ಲಿ ಕೊಡಂಗಲ್ ಕಡೆ ತಿರುಗುವುದು. ಆ ಸಿ.ಡಿ.ಯಲ್ಲಿ ನಮ್ಮ ಸೀಮೆಯ ರೈಲು ಹಳಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಕೊಡಂಗಲ್ಲೂ ಇಲ್ಲ, ಬೊಮ್ರಾಸಪೇಟೆಯೂ ಇಲ್ಲ. ಕೆಳಗೆ ಉದ್ದಕ್ಕೂ ಕಂದು ಬಣ್ಣದ ನೆಲ, ಅಲ್ಲಲ್ಲಿ ಹಸಿರು. ಆದರೆ ಅಪ್ಪನಿಗೆ ಎಲ್ಲವೂ ಕಾಣುತ್ತಿತ್ತು. ಇದು ಸಂತೆ ಬಯಲು, ಇದು ಪೆಟ್ರೋಲ್ ಪಂಪು ಎಂದು ಹೇಳುತ್ತ ಹೋಗುವರು. ಊರು ಬಂತೆಂದರೆ ವೇಗ ಇಳಿಸುವರು. ವೇಗ ಇಳಿದರೆ ವಿಮಾನ ನೆಲಕ್ಕೆ ಬೀಳುತ್ತದೆ. ದಿನಕ್ಕೊಮ್ಮೆಯಾದರೂ ಕೊಡಂಗಲ್ಲಿನ ಮೇಲೆ ಧಡಾರೆಂದು ಬೀಳುತ್ತಿದ್ದರು.

"ಅಪ್ಪಾ, ಸ್ಪೀಡ್ ಕಮ್ಮಿ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಬೇಕರಿ?"

"ಊರಾಗ ಮಂದಿ ಇರ್ತಾರಲೋ! ಭರ್ರಂತ ಹೋಗಾಕ ಬರ್ತದೇನು?"

ಕಡೆಗೆ ಚಿಕ್ಕ ವಿಮಾನವೊಂದನ್ನು ಆರಿಸಿಕೊಟ್ಟು ಹೊಲದಲ್ಲಿ ಇಳಿಸುವುದನ್ನು ಕಲಿಸಿದೆ. ಆಮೇಲೆ ಕೇಳಬೇಕೆ! ಬಸ್ಸು ನಿಲ್ಲುವ ಪ್ರತಿ ಸ್ಟೇಜಿನಲ್ಲೂ ವಿಮಾನ ಇಳಿಯಿತು. ನಿಲ್ಲಿಸಿ, ಮಂದಿ ಹತ್ತುವಷ್ಟು ಹೊತ್ತು ಕಾದು, ತಾವೇ "ರೈಟ್ ರೈಟ್" ಎಂದು ಮತ್ತೆ ಎಬ್ಬಿಸುವರು. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಚಿಂತೆಯೂ ಇತ್ತು. ನನ್ನ ತಂಗಿ ಮಾದೇವಿಯನ್ನು ಬೊಮ್ರಾಸಪೇಟೆ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೇ ಬರಬೇಕು. ಏಳನೇ ತಿಂಗಳಲ್ಲಿ ಕರೆತರಬೇಕೆಂದಾಗ ಬಂದ್ ಅಡ್ಡ ಬಂತು. ಬಂದ್ ಮುಗಿಯುವ ಹೊತ್ತಿಗೆ ಎಂಟು ಬಿತ್ತು. ಎಂಟರಲ್ಲಿ ಬಸುರಿ ಹೊಸ್ತಿಲು ದಾಟಿ ಪ್ರಯಾಣ ಮಾಡಬಾರದೆಂದು ಅವ್ವ ಹಟ ಹಿಡಿದಳು. ನಾನು ಎಂದಿನಂತೆ ವಾದ ಮಾಡಿದೆ. ಎಂಟಕ್ಕೂ ಒಂಬತ್ತಕ್ಕೂ ಏನು ವ್ಯತ್ಯಾಸ ಎಂದೆ. "ನೀ ಹಡದಿ ಏನು?" ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ಮುಷ್ಕರ ಶುರುವಾಗಿ ಬಸ್ಸುಗಳೇ ನಿಂತವು. ಅತ್ತೆ ಇಲ್ಲದ ಮನೆ, ಮಾದೇವಿಯ ಗಂಡನ ಫೋನಿಗೆ ಕರೆಂಟಿಲ್ಲದೆ ಚಾರ್ಜಿಲ್ಲ, ಮಾತಾಡಿ ಎಷ್ಟೋ ದಿನವಾಗಿತ್ತು. ಅಪ್ಪ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ವಿಮಾನ ಮಾತ್ರ ದಿನಾ ಆ ದಿಕ್ಕಿಗೇ ಹೋಗುತ್ತಿತ್ತು.

ಆ ಮಧ್ಯಾಹ್ನ ಕರೆಂಟು ಬಂದಿತ್ತು. ಅಪ್ಪ ಹಾರಿಸುತ್ತಿದ್ದರು, ನಾನು ಪಕ್ಕದಲ್ಲಿ ಪೇಪರ್ ಓದುತ್ತ ಕೂತಿದ್ದೆ. ಕೊಡಂಗಲ್ ದಾಟಿ ವಿಮಾನ ಬೊಮ್ರಾಸಪೇಟೆಯ ಕಡೆ ಹೊರಟಿತ್ತು, ಅಂದರೆ ಅಪ್ಪನ ಲೆಕ್ಕದಲ್ಲಿ. ಇದ್ದಕ್ಕಿದ್ದಂತೆ ಅವರು ಮುಂದಕ್ಕೆ ಬಾಗಿದರು.

"ಯಾರೋ ಕೈ ಮಾಡ್ಲತ್ಯಾರ ನೋಡು."

ಪೇಪರಿನಿಂದ ತಲೆ ಎತ್ತಿ ನೋಡಿದೆ. ಕಂದು ನೆಲ. ಕೈಬೀಸಿ ಗಾಡಿ ನಿಲ್ಲಿಸಲು ಈ ಆಟದಲ್ಲಿ ಮನುಷ್ಯರೇ ಇಲ್ಲ, ಅದು ಅವರಿಗೂ ಗೊತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ವಿಮಾನ ಇಳಿಸಿದರು, ಯಾವತ್ತೂ ಇಷ್ಟು ಮೆತ್ತಗೆ ಇಳಿಸಿರಲಿಲ್ಲ. ನಿಲ್ಲಿಸಿ, ಬಸ್ಸಿನ ಬಾಗಿಲಿರುವ ಎಡಗಡೆಗೇ ಕಣ್ಣು ನೆಟ್ಟು ಕಾದರು. ಎಷ್ಟು ಹೊತ್ತಾದರೂ "ರೈಟ್" ಅನ್ನಲಿಲ್ಲ. ಅವರ ಮುಖ ನೋಡಿದರೆ ರಕ್ತವೇ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಪರದೆ ನೋಡಿ ಅಲ್ಲ, ಆ ಮುಖ ನೋಡಿ. ಎದೆ ನೋವೇನೋ ಅಂದುಕೊಂಡೆ.

"ಹತ್ತವಲ್ಲರು," ಎಂದರು. ಆಮೇಲೆ ಎದ್ದೇ ಬಿಟ್ಟರು. "ಗಾಡಿ ತೆಗಿ. ಮಾದೇವಿ ಊರಿನ ಸ್ಟೇಜದು. ನಡಿ."

ಹಾದಿಯಲ್ಲಿ ಬಿಡುವುದಿಲ್ಲ, ಕಲ್ಲು ಬೀಳುತ್ತವೆ ಎಂದೆ. ಸಂಜೆಗೆ ನೋಡೋಣ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ವಿಮಾನ ಹೊಲದಲ್ಲಿ ಗುರ್ರೆನ್ನುತ್ತ ನಿಂತೇ ಇತ್ತು, ನಾವು ಮೋಟರ್ ಸೈಕಲ್ ಹತ್ತಿದೆವು. ಹಾದಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಕೊಡಂಗಲ್ಲಿನಲ್ಲಿ ಚಳವಳಿಯವರು ರಸ್ತೆಯ ನಡುವೆಯೇ ಕಲ್ಲು ಜೋಡಿಸಿ ಒಲೆ ಹೂಡಿದ್ದರು. ದೊಡ್ಡ ಡೇಗಿಗಳಲ್ಲಿ ಅನ್ನ ಬೇಯುತ್ತಿತ್ತು. ಆಗ ಪ್ರತಿಭಟನೆ ಎಂದರೆ ಹಾಗೇ, ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ಊಟ. ಒಬ್ಬ ಕಂಡಕ್ಟರ್ ಅಪ್ಪನ ಗುರುತು ಹಿಡಿದ.

"ಕಾಕಾ, ಎಲ್ಲಿಗಿ ಹೊಂಟೀರಿ? ಇವತ್ತ ಒಂದು ಗಾಡಿನೂ ಬಿಡಲ್ಲರಿ."

"ಮಗಳಿಗಿ ಬ್ಯಾನಿ ಹತ್ಯಾವ," ಎಂದರು ಅಪ್ಪ. "ಸ್ಟೇಜಿನಾಗ ಕುಂತಾಳ. ಒಂದು ಜೀಪ್ ಕೊಡ್ರಿ."

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಇಷ್ಟು ಮಂದಿಯ ಮುಂದೆ, ಗೊತ್ತೇ ಇಲ್ಲದ ಮಾತನ್ನು ಹೀಗೆ ಹೇಳಿಬಿಡುವುದೇ! ಸುಳ್ಳೆಂದು ತಿಳಿದರೆ ನಮ್ಮ ಗತಿ ಏನು? ಚಳವಳಿಯವರು ಎರಡನೇ ಮಾತಾಡಲಿಲ್ಲ. ಮೈಕ್ ಕಟ್ಟಿದ್ದ ಜೀಪನ್ನೇ ಕೊಟ್ಟರು. ಅಪ್ಪ ಸ್ಟೇರಿಂಗ್ ಹಿಡಿದರು.

ಮಾದೇವಿ ಸ್ಟೇಜಿನಲ್ಲಿದ್ದಳು. ಬೇವಿನ ಮರದ ಕೆಳಗಿನ ಕಲ್ಲು ಕಟ್ಟೆಯ ಮೇಲೆ, ಮುದುಡಿಕೊಂಡು ಒಬ್ಬಳೇ ಕೂತಿದ್ದಳು. ಗಂಡ ಅವಳನ್ನು ಅಲ್ಲಿ ಕೂಡಿಸಿ ಗಾಡಿ ಹುಡುಕಲು ಬೊಮ್ರಾಸಪೇಟೆಗೆ ಓಡಿದ್ದನಂತೆ. ಸೀರೆ ಒದ್ದೆಯಾಗಿತ್ತು. ನಮ್ಮನ್ನು ಕಂಡು "ಅಪ್ಪಾ" ಎಂದಳು, ಅಷ್ಟೇ. ನಾನು ಜೀಪಿನಿಂದ ಇಳಿಯುವುದನ್ನೂ ಮರೆತು ಅವಳನ್ನೇ ನೋಡಿದೆ. ಅಪ್ಪನಿಗೆ ಮಾತ್ರ ಯಾವ ಆಶ್ಚರ್ಯವೂ ಆದಂತೆ ಕಾಣಲಿಲ್ಲ. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಒಮ್ಮೆ ಆ ಕಟ್ಟೆಯ ಸುತ್ತ ನೋಡಿ, ಜೀಪು ತಿರುಗಿಸಿದರು.

ಕೊಡಂಗಲ್ಲಿನಲ್ಲಿ ನಮ್ಮ ಜೀಪು ಬರುವುದನ್ನು ಕಂಡು ಆ ಮಂದಿ ಕುದಿಯುವ ಡೇಗಿಗಳನ್ನು ಬಟ್ಟೆ ಹಿಡಿದು ಎತ್ತಿ, ಒಲೆಯ ಕಲ್ಲುಗಳನ್ನು ಕಾಲಿನಿಂದ ಒದ್ದು ದಾರಿ ಮಾಡಿದರು. ತಾಂಡೂರಿನ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಅಂಗೈಯಗಲದ ಮಗು. ಇನ್ನೊಂಚೂರು ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರು ಡಾಕ್ಟರಮ್ಮ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ.

ಮನೆಗೆ ಬಂದಾಗ ಕರೆಂಟು ಹೋಗಿ ಕಂಪ್ಯೂಟರ್ ಆರಿತ್ತು. ಆಮೇಲೆ ನಾನು ಎಷ್ಟೋ ಸಲ ಅದೇ ದಿಕ್ಕಿನಲ್ಲಿ, ಅಷ್ಟೇ ಎತ್ತರದಲ್ಲಿ, ಅದೇ ಚಿಕ್ಕ ವಿಮಾನ ಹಾರಿಸಿ ನೋಡಿದ್ದೇನೆ. ಕಂದು ನೆಲ. ಅಪ್ಪ ಮತ್ತೆ ಜಾಯ್‌ಸ್ಟಿಕ್ ಮುಟ್ಟಲಿಲ್ಲ, ಆ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಮುಷ್ಕರ ಮುಗಿಯಿತು, ಡ್ಯೂಟಿಗೆ ಹೋದರು. ತೆಲಂಗಾಣ ರಾಜ್ಯವೂ ಬಂತು.

ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಮಗಳ ಚಿಂತೆ ಅಪ್ಪನ ತಲೆಯಲ್ಲಿ ಕುದಿಯುತ್ತಿತ್ತು. ಸ್ಟೇಜಿನಲ್ಲಿ ಕೈ ಮಾಡುವವರನ್ನು ಜೀವಮಾನವೆಲ್ಲ ನೋಡಿದ ಕಣ್ಣು. ಚಿಂತೆಯೇ ಕೈಯಾಗಿ ಕಂಡಿತು. ಸಮಯ ಕೂಡಿ ಬಂದದ್ದು ಕಾಕತಾಳೀಯ. ಈ ಸಮಾಧಾನದ ಮೇಲೆ ನಾನು ಹಲವು ವರ್ಷ ಆರಾಮಾಗಿಯೇ ಇದ್ದೆ.

ಆ ಮಗು ಶಾಲೆಗೆ ಸೇರಿದ ವರ್ಷ ಮಾದೇವಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಬೀಗರಲ್ಲಿ ಒಬ್ಬರು ಇದೆಲ್ಲ ದೇವರ ಮಹಿಮೆ ಎಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಮಹಿಮೆ ಗಿಹಿಮೆ ಏನಿಲ್ಲ, ಮಾದೇವಿ ಅಲ್ಲಿ ಗಾಡಿಗಳಿಗಾಗಿ ಕೈ ಮಾಡುತ್ತ ಕೂತಿದ್ದಳು, ಇಲ್ಲಿ ಅಪ್ಪನ ಮನಸ್ಸಿಗೆ ಅದೇ ಹೊಳೆಯಿತು ಎಂದು ನನ್ನ ಸಿದ್ಧಾಂತ ಬಿಚ್ಚಿದೆ.

ರೊಟ್ಟಿ ಬಡಿಸುತ್ತಿದ್ದ ಮಾದೇವಿ ನಿಂತಳು. "ನಾ ಎಲ್ಲಿ ಕೈ ಮಾಡಿನಿ ಅಣ್ಣಾ?" ಎಂದಳು. "ಎರಡೂ ಕೈಲೆ ಹೊಟ್ಟಿ ಹಿಡಕೊಂಡು ಕಣ್ಣ ಮುಚ್ಚಿ ಕುಂತಿದ್ದೆ. ಒಂದು ಬಸ್ಸಿಲ್ಲ, ಗಾಡಿ ಇಲ್ಲ, ಯಾರಿಗಿ ಕೈ ಮಾಡಲಿ?"

ಅಪ್ಪ ಬಾಯಿಗೆ ಒಯ್ದಿದ್ದ ತುತ್ತು ತಾಟಿಗೆ ಇಳಿಸಿದರು. "ನಿನ್ನ ಬಾಜು ಯಾರಿದ್ರವ್ವಾ?" ಎಂದು ಕೇಳಿದರು.

"ಯಾರೂ ಇದ್ದಿಲ್ಲಪ್ಪಾ."

ನನ್ನ ಸಿದ್ಧಾಂತಕ್ಕೆ ಅಂದು ಬಿದ್ದ ತೂತು ಇನ್ನೂ ಮುಚ್ಚಿಲ್ಲ. ಮುಚ್ಚುವ ದಾರಿ ನಿಮಗೆ ಯಾರಿಗಾದರೂ ಹೊಳೆದರೆ ಕೇಳಲು ತಯಾರಿದ್ದೇನೆ.

ಮರುದಿನ ತಾಂಡೂರಿಗೆ ವಾಪಸು ಬರುವಾಗ ಆ ಸ್ಟೇಜಿನ ಹತ್ತಿರ ಅಪ್ಪ ನನ್ನ ಭುಜ ತಟ್ಟಿ ಮೋಟರ್ ಸೈಕಲ್ ನಿಲ್ಲಿಸಿದರು. ಕಟ್ಟೆ ಖಾಲಿಯಿತ್ತು. ಇಳಿಯಲಿಲ್ಲ, ಕೂತಲ್ಲಿಂದಲೇ ಬಹಳ ಹೊತ್ತು ನೋಡಿದರು.

"ನಿನ್ನ ತಂಗಿಗಿ ಕರಕೊಂಡು ಬಂದೇವ, ಖರೇ," ಎಂದರು. "ಕೈ ಮಾಡಿದವರಿಗಿ ಇಲ್ಲೇ ಬಿಟ್ಟು ಬಂದೇವಲೋ."