ಆರ್ನೆಟಾಳ ಕಾಲಿಗೆ ಬಾರಿಸಿದವನು

ಲೂಷಸ್ ಪೆಟಿಗ್ರೂ ನನ್ನ ದೊಡ್ಡಪ್ಪನ ಮಗ. ನಮ್ಮೂರು ಡೇಟನ್ನಿನ ವೆಸ್ಟ್ ಸೈಡಿನಲ್ಲಿ ಅವನನ್ನು ಬಲ್ಲವರು ಹೇಳುವುದು ಒಂದೇ ಮಾತು: ಡ್ರಮ್ ಬಾರಿಸುವಾಗ ಅವನು ಡ್ರಮ್ಮಿನ ಕಡೆ ನೋಡುತ್ತಿರಲಿಲ್ಲ, ಆರ್ನೆಟಾಳ ಕಾಲು ನೋಡುತ್ತಿದ್ದ. ಇದರಲ್ಲಿ ಪೋಲಿತನ ಹುಡುಕಬೇಡಿ. ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮುಖ್ಯವಾಗಿ ಅದು ಅವನ ಕೆಲಸ.

ಆಗ ಎಪ್ಪತ್ತರ ದಶಕ, ನಮ್ಮಲ್ಲಿ ಜನರನ್ನು ಕುಣಿಸುವ ಫಂಕ್ ಬ್ಯಾಂಡ್ ಬೀದಿಗೊಂದು ಇದ್ದ ಕಾಲ. ಹಗಲು ಕಾರ್ಖಾನೆ, ಸಂಜೆ ಯಾರದೋ ಗ್ಯಾರೇಜಿನಲ್ಲಿ ಟ್ರಂಪೆಟ್ಟು. ಲೂಷಸ್‌ನ ಬ್ಯಾಂಡಿನ ಹೆಸರು ಬ್ರಾಸ್ ಸ್ಕಿಲೆಟ್. ಬಾರಿಸುತ್ತಲೇ ಹಾಡುವವನೂ ಅವನೇ. ತೆಳ್ಳಗಿನ, ಎತ್ತರದ ದನಿ. ಭಾನುವಾರ ಚರ್ಚು, ಊಟ ಮುಗಿಸಿ ಊರಿಗೆ ಊರೇ ಸ್ಕೇಟಿಂಗ್ ರಿಂಕಿಗೆ ಬರುತ್ತಿತ್ತು. ಅಲ್ಲಿ ಚಕ್ರದ ಬೂಟುಗಳನ್ನು ಬಾಡಿಗೆಗೆ ಕೊಡುವವಳು ನಾನು, ಇಂದಿಗೂ ನಾನೇ. ಮರದ ನೆಲದ ಒಂದು ತುದಿಗೆ ಬ್ಯಾಂಡು. ಎಲ್ಲರ ಮುಂದೆ ಅವನ ಹುಡುಗಿ ಆರ್ನೆಟಾ, ಹಿಮ್ಮುಖವಾಗಿ ಜಾರುತ್ತ. ಅವಳ ಎಡಗಾಲು ನೆಲ ಒತ್ತಿದಾಗ ಲೂಷಸ್‌ನ ಮೊದಲ ಪೆಟ್ಟು. ಅವಳು ನಿಧಾನಿಸಿದರೆ ಇವನೂ ನಿಧಾನ, ಇವನು ನಿಧಾನಿಸಿದರೆ ಊರೇ ನಿಧಾನ. ಆ ಸುಖವನ್ನು ಹೇಗೆ ಹೇಳಲಿ, ನನಗಂತೂ ಮತ್ತೆಲ್ಲೂ ಸಿಕ್ಕಿಲ್ಲ.

ಒಂದು ಕಂಪನಿಯವರು ರೆಕಾರ್ಡ್ ಮಾಡಲು ಸಿನ್ಸಿನಾಟಿಗೆ ಕರೆದರು. ಪೂರ್ತಿ ಒಂದು ಆಲ್ಬಂ. ಹೆಸರೂ ‘ಆರ್ನೆಟಾ’ ಎಂದೇ. ಹೊರಡುವ ಮುನ್ನ ಲೂಷಸ್ ನನ್ನ ಕೌಂಟರಿಗೆ ಬಂದ.

“ವರ್ಡೆಲ್, ಜಗತ್ತು ಕೇಳಲಿ ಬಿಡಲಿ. ಈ ನೆಲದ ಮೇಲೆ ನಮ್ಮವರು ಇದಕ್ಕೆ ಜಾರಬೇಕು. ಅವಳು ಮುಂದಿರಬೇಕು. ನನಗೆ ಬೇಕಾಗಿರೋದು ಅಷ್ಟೇ.”

“ಅವಳನ್ನೂ ಕರ್ಕೊಂಡು ಹೋಗಬಾರ್ದಾ?”

“ಅಲ್ಲಿ ನೆಲಕ್ಕೆಲ್ಲ ಕಾರ್ಪೆಟ್ಟಂತೆ. ಅದರ ಮೇಲೇನು ಜಾರ್ತಾಳೆ?”

ಎಡವಿದ್ದು ಅಲ್ಲೇ. ಸ್ಟುಡಿಯೋದಲ್ಲಿ ನೋಡಲು ಕಾಲಿಲ್ಲ, ಎದೆಯಲ್ಲಿ ಮಾತ್ರ ಡವಡವ. ಕೈ ಓಡಿತು, ಕೈಯ ಹಿಂದೆ ಬ್ಯಾಂಡೂ ಓಡಿತು. ಓಡುತ್ತಿದ್ದೇವೆಂದು ಯಾರಿಗೂ ತಿಳಿಯಲಿಲ್ಲ. ಕಂಪನಿಯವರು ಇನ್ನೂ ಖುಷಿಯಾದರು. ಚುರುಕಾಗಿದೆ, ರೇಡಿಯೋಗೆ ಒಗ್ಗುತ್ತದೆ ಎಂದರು.

ರೆಕಾರ್ಡು ಬಂತು. ಶಿಕಾಗೋದ ಒಂದು ಪತ್ರಿಕೆ ಬೆಂಕಿ ಎಂದು ಬರೆಯಿತು. ಡೆಟ್ರಾಯಿಟ್‌ನಲ್ಲಿ ಕುಣಿದರಂತೆ. ಆ ಭಾನುವಾರ ನಮ್ಮ ದೊಡ್ಡಮ್ಮ ಗೆಣಸಿನ ಪೈ ಮಾಡಿ ಇಡೀ ರಿಂಕಿಗೆ ಹಂಚಲು ತಂದಿದ್ದಳು. ಪ್ಲೇಟು ಹಾಕುವ ಹಾಬ್ಸನ್ ಸೂಜಿ ಇಳಿಸಿದ. ಜನ ನುಗ್ಗಿದರು. ಅರ್ಧ ಸುತ್ತಿಗೇ ಕಾಲಿಗೆ ಕಾಲು ತೊಡರಿತು. ಚರ್ಚಿನ ಹಿರಿಯರಾದ ಪರ್ವಿಸ್ ಬಿದ್ದರು, ಜೊತೆಗೆ ಇಬ್ಬರು ಹೆಂಗಸರನ್ನೂ ಕೆಡವಿದರು. ಆರ್ನೆಟಾ ಹಲ್ಲು ಕಚ್ಚಿ ಒಂದು ಸುತ್ತು ಹಾಕಿದಳು, ಆಮೇಲೆ ಅಂಚಿನ ಕಂಬಿಯ ಬಳಿ ಬಂದು ಬೂಟಿನ ದಾರ ಬಿಚ್ಚತೊಡಗಿದಳು.

“ಇದು ನನ್ನ ಕಾಲಲ್ಲ, ಲೂಷಸ್. ಯಾರನ್ನ ನೋಡ್ಕೊಂಡು ಬಾರಿಸಿದೆ?”

“ಗೋಡೆನ,” ಎಂದ ಅವನು.

ಹಾಬ್ಸನ್ ಒಳ್ಳೆಯ ಮನುಷ್ಯ. ಅವನ ಎಡವಟ್ಟುಗಳೆಲ್ಲ ಆ ಒಳ್ಳೆಯತನದಿಂದಲೇ ಬರುತ್ತಿದ್ದವು. ಅವನು ಯಂತ್ರದ ಗುಂಡಿ ತಿರುಗಿಸಿ ವೇಗ ಇಳಿಸಿದ. ಪೆಟ್ಟು ಸರಿಯಾಗಿ ಕೂತಿತು, ಕಾಲುಗಳಿಗೆ ದಾರಿ ಸಿಕ್ಕಿತು. ಆದರೆ ಅದರೊಂದಿಗೆ ದನಿಯೂ ಇಳಿಯಿತು. ನಮ್ಮ ಹುಡುಗನ ತೆಳ್ಳಗಿನ ದನಿ ದಪ್ಪಗಾಗಿ, ಹಲ್ಲು ಕೀಳಿಸಿಕೊಂಡ ಮುದುಕನ ದನಿಯಂತೆ ಕೇಳಿಸಿತು.

“ಲೂಷಸ್, ನಿಮ್ಮ ತಾತನ ಕೈಲಿ ಹಾಡಿಸಿದ್ಯೇನೋ?” ಎಂದು ಯಾರೋ ಕೂಗಿದರು. ರಿಂಕೆಲ್ಲ ನಕ್ಕಿತು.

ಅವನು ಪೈ ತಟ್ಟೆಯನ್ನು ನನ್ನ ಕೌಂಟರಿನ ಮೇಲಿಟ್ಟು ಹೊರನಡೆದ. ಮತ್ತೆ ಒಳಗೆ ಕಾಲಿಡಲಿಲ್ಲ.

ಎರಡನೆಯ ಆಲ್ಬಂ ಮಾಡಿಕೊಡಿ ಎಂದು ಯಾರೂ ಕೇಳಲಿಲ್ಲ, ಬ್ಯಾಂಡು ಚದುರಿತು. ಲೂಷಸ್ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ದುಡಿದ, ಆಮೇಲೆ ಶಾಲೆಯ ಬಸ್ಸು ಓಡಿಸಿದ, ಚರ್ಚಿನಲ್ಲಿ ಡ್ರಮ್ ಬಾರಿಸಿದ. ಆರ್ನೆಟಾಳನ್ನೇ ಮದುವೆಯಾದ. ಆ ರೆಕಾರ್ಡು ಮಾತ್ರ ಅವರ ಮನೆಯಲ್ಲಿ ಹಾಡಲಿಲ್ಲ. ಪ್ರತಿ ಭಾನುವಾರ ಹೆಂಡತಿಯನ್ನು ರಿಂಕಿಗೆ ತಂದು ಬಿಡುವನು. ಅವಳು ಹೊರಬರುವ ತನಕ ಕಾರಿನ ಗಾಜು ಏರಿಸಿಕೊಂಡು ಪೇಪರ್ ಓದುವನು. ನಾನು ಕಾಫಿ ಒಯ್ದು ಕೊಡುತ್ತಿದ್ದೆ.

“ಒಳಗೆ ಬಾರೋ.”

“ಇಲ್ಲೇ ಬೆಚ್ಚಗಿದೆ ಬಿಡು.”

ಊರಿಗೆಲ್ಲ ಗೊತ್ತಿದ್ದು ಅವನೊಬ್ಬನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವನು ಹೊರನಡೆದ ಮುಂದಿನ ವಾರವೇ ಜನ ಆ ಪ್ಲೇಟನ್ನು ಕೇಳಿ ಹಾಕಿಸಿಕೊಂಡಿದ್ದರು, ಹಾಬ್ಸನ್‌ನ ವೇಗದಲ್ಲಿ. ಅಂದಿನಿಂದ ಪ್ರತಿ ಭಾನುವಾರದ ಕೊನೆಯ ಹಾಡು ಅದೇ. ಹಾಬ್ಸನ್ ಹೋಗಿ ಅವನ ಮಗಳು ಆ ಜಾಗಕ್ಕೆ ಬಂದ ಮೇಲೂ ಅದೇ. ನಮ್ಮ ಮಕ್ಕಳಿಗೆ ಅದರ ನಿಜವಾದ ವೇಗವೇ ತಿಳಿಯದು. ಮುಂದೆ ಆರ್ನೆಟಾ, ಹಿಮ್ಮುಖವಾಗಿ.

“ಅವನಿಗೆ ಹೇಳಬಾರ್ದೇನೇ?” ಎಂದು ಒಮ್ಮೆ ಅವಳನ್ನು ಕೇಳಿದ್ದೆ.

“ಹೇಳಿದ್ರೆ ಕನಿಕರಕ್ಕೆ ಹಾಕ್ತಿದಾರೆ ಅಂದ್ಕೋತಾನೆ. ತಾನಾಗೇ ಬಂದು ಕೇಳಲಿ.”

ಕಳೆದ ಚಳಿಗಾಲದ ಒಂದು ಭಾನುವಾರ ರಿಂಕಿನ ಬಾಗಿಲು ತೆರೆಯಿತು. ಲೂಷಸ್. ಕೈಯಲ್ಲಿ ಟೋಪಿ, ಮುಖದಲ್ಲಿ ಅವಸರ.

“ಬಾತ್‌ರೂಮ್ ಎಲ್ಲಿ, ವರ್ಡೆಲ್?”

“ಮೊದಲಿದ್ದಲ್ಲೇ ಇದೆ.”

ವಯಸ್ಸು ಅವನ ಹಟವನ್ನು ಗೆದ್ದದ್ದು ಹೀಗೆ. ಅವನು ಹೊರಬರುವಾಗ ಕೊನೆಯ ಹಾಡು ಶುರುವಾಗಿತ್ತು. ತಲೆ ಓರೆ ಮಾಡಿ ನಿಂತ.

“ನಮ್ಮ ಹಾಡಲ್ವಾ ಇದು? ಈಗ ಯಾರು ಹಾಡಿದಾರೆ?”

“ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ. ವಯಸ್ಸಾದವನು. ಅವಸರ ಇಲ್ಲ ನೋಡು.”

“ನೀನೇ ಕಣೋ. ಹಾಬ್ಸನ್‌ನ ಗುಂಡಿ.”

“ನನ್ನ ದನಿ ಹೀಗಿರಲಿಲ್ಲ.”

“ಈಗ ಇದೆಯಲ್ಲ.”

ಅವನು ನೆಲದ ಕಡೆ ತಿರುಗಿದ. ನೆಲ ತುಂಬಿತ್ತು, ನರೆತ ತಲೆಗಳು, ಮೊಮ್ಮಕ್ಕಳು, ಎಲ್ಲರ ಕಾಲೂ ಒಂದೇ ಪೆಟ್ಟಿಗೆ. ಸೊಂಟ ನೋವಿನ ಆರ್ನೆಟಾ ಮುಂದೆ ಜಾರುತ್ತ ಬಂದವಳು ಅವನನ್ನು ಕಂಡಳು. ನಿಲ್ಲಲಿಲ್ಲ. ಎಡಗಾಲನ್ನು ಮಾತ್ರ ತುಸು ಗಟ್ಟಿಯಾಗಿ ಒತ್ತಿದಳು. ಅವನ ಬೆರಳುಗಳು ನನ್ನ ಕೌಂಟರಿನ ಮೇಲೆ ಬಾರಿಸತೊಡಗಿದವು, ಆಮೇಲೆ ಬಾಯಿಯೂ ಗುನುಗಿತು. ರೆಕಾರ್ಡಿನ ದನಿ ಯಾವುದು, ಅವನದು ಯಾವುದು ನನಗೆ ಬೇರೆ ಮಾಡಲಾಗಲಿಲ್ಲ. ಅಳು ಬಂತು.

“ಹನ್ನೊಂದು ನಂಬರ್ ಇದೆಯಾ?” ಎಂದ.

“ಬಿದ್ರೆ ನಾನು ಎತ್ತೋಳಲ್ಲ.”

“ನೀನು ಬೂಟು ಕೊಡು.”

ಅವನು ಉಸ್ಸೆಂದು ಬಗ್ಗಿ ದಾರ ಕಟ್ಟಿಕೊಳ್ಳುವಷ್ಟರಲ್ಲಿ ಹಾಡು ಮುಗಿದೇಹೋಯಿತು. ಯಾರೂ ನೆಲ ಬಿಟ್ಟು ಕದಲಲಿಲ್ಲ. ಆರ್ನೆಟಾ ಹಾಬ್ಸನ್‌ನ ಮಗಳ ಕಡೆ ತಿರುಗಿ, ಸೂಜಿಯನ್ನು ಮತ್ತೆ ಮೊದಲಿಗೆ ಇಡು ಎಂದು ಕೈ ತೋರಿಸಿದಳು.