ಚಾಚಾನ ಹ್ಯಾಟು

ಹೋದ ವಾರ ಇಲ್ಲಿ ಅಮೆರಿಕದಲ್ಲಿ, ನಮ್ಮೂರಿನ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯ ಹಳೇ ಥಿಯೇಟರೊಂದರಲ್ಲಿ ಕಪ್ಪು-ಬಿಳುಪಿನ ಅಮೆರಿಕನ್ ಕ್ರೈಮ್ ಸಿನಿಮಾ ನೋಡುತ್ತ ಕೂತಿದ್ದೆ. ಪಕ್ಕದ ಸೀಟಿನವನ ಒದ್ದೆ ಉಣ್ಣೆಕೋಟಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ... ಕೊಲೆಗಾರ ಯಾರೆಂಬುದು ಆಮೇಲೆ ನನಗೆ ಬೇಕಾಗಲೇ ಇಲ್ಲ. ಕೆಳಗಿನ ಮನೆಯ ಚಾಚಾ ನೆನಪಾದರು.

ಈಸ್ಟ್‌ಗೇಟ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಅವರು ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಬಂದಿದ್ದರು, ಮಗಳ ಜೊತೆ ಇರಲು. ಮಗಳು ಆಫೀಸಿಗೆ ಹೋದ ಮೇಲೆ ಇಂಥವೇ ಸಿನಿಮಾ ಹಾಕಿಕೊಂಡು ಕೂರುತ್ತಿದ್ದರು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನನ್ನು ಟೀಗೆ ಕರೆದು ಕಥೆ ಹೇಳುತ್ತಿದ್ದರು.

“ನೋಡಮ್ಮ, ಪತ್ತೇದಾರನಿಗೂ ಕೊಲೆಗಾರನಿಗೂ ಒಂದೇ ಥರ ಹ್ಯಾಟು, ಒಂದೇ ಥರ ಕೋಟು. ಯಾರು ಯಾರು ಅಂತ ಕೊನೇವರೆಗೂ ಗೊತ್ತಾಗಲ್ಲ,” ಅಂತ ನಗುತ್ತಿದ್ದರು. ಒಂದಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಾವೂ ಅಂಥದ್ದೇ ಹ್ಯಾಟು, ಉದ್ದನೆಯ ಉಣ್ಣೆಕೋಟು ತಂದರು. ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು ಅವರಿಗೆ!

ಒಂದು ಮಧ್ಯಾಹ್ನ ನಾನು ತರಕಾರಿ ತಂದು ಕಾರು ನಿಲ್ಲಿಸುತ್ತಿದ್ದೆ. ಜಿನುಗು ಮಳೆಯಲ್ಲಿ ಚಾಚಾ ನೆಲದ ಮೇಲೆ ಕೂತಿದ್ದರು, ಎರಡೂ ಕೈ ತಲೆಯ ಮೇಲೆ. ಹ್ಯಾಟು ಕೆಸರಲ್ಲಿ ಬಿದ್ದಿತ್ತು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಅವರ ಒದ್ದೆ ಕೋಟಿನ ಜೇಬು ತಡಕುತ್ತಿದ್ದ. ಸಿಕ್ಕಿದ್ದು ಕನ್ನಡಕ, ಜಪದ ತಸ್ಬಿ, ಒಂದಿಷ್ಟು ಏಲಕ್ಕಿ. ಮೇಲಿನ ಮಹಡಿಯ ಬಿಳಿ ಹೆಂಗಸು ನಾಯಿ ಹಿಡಿದು ನೋಡುತ್ತ ನಿಂತಿದ್ದಳು. ಯಾರೋ ಕಳ್ಳ ಕಾರುಗಳ ಮಧ್ಯೆ ಸುಳಿದಾಡುತ್ತಿದ್ದಾನೆ ಅಂತ ಫೋನ್ ಮಾಡಿದವಳು ಅವಳೇ. ಹಬ್ಬಕ್ಕೆ ಚಾಚಾ ಕೊಟ್ಟ ಶೀರ್‌ಖುರ್ಮಾ ತಿಂದು ಹೊಗಳಿದ್ದವಳೂ ಅವಳೇ!

ನಾನು ಕಿರುಚಾಡಿದೆ. “ಹುಷಾರಾಗಿರೋದು ತಪ್ಪಾ?” ಅಂದಳು. ಚಾಚಾ ಮಾತ್ರ, “ಬಿಡಮ್ಮ... ಏಳೋಕೆ ಸ್ವಲ್ಪ ಕೈ ಕೊಡು,” ಅಂದರು.

ಚಾಚಾನ ಕ್ಷಮೆ ಕೇಳಿ ಅಂತ ಅಪಾರ್ಟ್‌ಮೆಂಟಿನ ಆಫೀಸಿಗೆ ಹೋಗಿ ಜಗಳ ಆಡಿದೆ. ಯಾರೂ ಕೇಳಲಿಲ್ಲ. ನಮ್ಮವರೇನು ಕಡಿಮೆ? ಭಾನುವಾರ ಊಟಕ್ಕೆ ಸೇರಿದ್ದ ಕನ್ನಡದ ಗೆಳೆಯರು, “ಈ ವಯಸ್ಸಲ್ಲಿ ಅಂಕಲ್‌ಗೆ ಆ ವೇಷ ಯಾಕೆ ಬೇಕಿತ್ತು?” ಅಂದರು. ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ.

ಚಾಚಾ ಮತ್ತೆ ಒಬ್ಬರೇ ಹೊರಗೆ ಬರಲಿಲ್ಲ. ಸಿನಿಮಾನೂ ಹಾಕಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಮೈಸೂರಿಗೆ ಹೊರಟುಹೋದರು... ಹೋದ ವರ್ಷ ಅಲ್ಲೇ ತೀರಿಕೊಂಡರು.

ಮೊನ್ನೆ ಲಿಫ್ಟಿನಲ್ಲಿ ಆ ಹೆಂಗಸು ಸಿಕ್ಕಳು. “ಕೆಳಗಡೆ ಒಬ್ಬರು ಹಿರಿಯರಿದ್ದರಲ್ಲ, ತುಂಬ ಒಳ್ಳೆಯವರು. ಹೇಗಿದ್ದಾರೆ?” ಅಂತ ಇಂಗ್ಲಿಷಿನಲ್ಲಿ ಕೇಳಿದಳು.

“ಸತ್ತುಹೋದರು,” ಅಂದೆ.

“ಅಯ್ಯೋ ಪಾಪ! ಅವರ ಹೆಸರೇನಿತ್ತು?”

ಇಷ್ಟು ವರ್ಷದ ಮೇಲೆ ಈಗ ಹೆಸರು ಕೇಳುತ್ತಿದ್ದಾಳೆ. ಬಾಗಿಲು ತೆರೆಯಿತು. ಹೇಳದೆ ಇಳಿದುಬಿಟ್ಟೆ.