ಕಾಳಿನ ಹಬ್ಬದ ದಿನ ಉಳಿದ ಗುಗ್ಗರಿ

ಹೊಸ ಊರಿನಲ್ಲಿ ವ್ಯಾಪಾರಕ್ಕೆ ಕೂರುವವರು ಮೊದಲು ಆ ಊರಿನ ಒಲೆಗಳ ಮೇಲೆ ಏನು ಬೇಯುತ್ತದೆಂದು ನೋಡಿಕೊಳ್ಳಬೇಕು. ನಾನು ನೋಡಿಕೊಂಡಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬೆಳ್ಳಟ್ಟಿಯ ತವರು ಬಿಟ್ಟು ಬೆಟಗೇರಿಯ ನೇಕಾರರ ಓಣಿಗೆ ಬಂದು, ಮಡಿಕೆ ಕಾಳು ಬೇಯಿಸಿ ಗುಗ್ಗರಿ ಮಾರತೊಡಗಿದ್ದೆ. ಕನ್ನಡ ನಾಡೆಲ್ಲ ಒಂದಾಗಬೇಕೆಂದು ಕಟ್ಟೆ ಕಟ್ಟೆಗಳಲ್ಲಿ ಮಾತು ನಡೆಯುತ್ತಿದ್ದ ಕಾಲ. ಮಾತಾಡುವವರಿಗೆ ಹಸಿವು ಜಾಸ್ತಿ. ನನಗೆ ಅಷ್ಟೇ ಬೇಕಾಗಿತ್ತು.

ಕಾಳಿನ ಚೀಲ ಇಳಿಸಿ ಹೋಗುವಾಗ ಅಣ್ಣ ಹೇಳಿದ್ದ: "ಇದನ್ನ ಮಾರಿ ಇನ್ನೊಂದು ಚೀಲ ನೀನ ಕೊಂಡ್ರ ಇಲ್ಲೇ ಇರು. ಇಲ್ಲಂದ್ರ ಸುಮ್ಮನ ಗಾಡಿ ಹತ್ತಬೇಕು."

ಗಾಡಿ ಹತ್ತಿದರೆ ಮುಂದೇನೆಂದು ನನಗೆ ಗೊತ್ತಿತ್ತು. ಮುಂಡರಗಿಯ ಮುದುಕನೊಬ್ಬನಿಗೆ ನನ್ನನ್ನು ಕೂಡಿಕೆ ಮದುವೆ ಮಾಡಿಕೊಡಲು ಅವನು ಮಾತು ಮುಗಿಸಿದ್ದ. ಗುಗ್ಗರಿ ಅಗಿಯಲೂ ಬಾಯಲ್ಲಿ ಹಲ್ಲಿಲ್ಲದವನಿಗೆ.

ಚೀಲ ಅರ್ಧಕ್ಕೆ ಬಂದರೂ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆಗಲೇ ಓಣಿಯ ಹಿರಿಯರೊಬ್ಬರು ಕೂಗುತ್ತ ಹೋದರು: "ನಾಡದು ಕಾಳಿನ ಹಬ್ಬ ನೋಡ್ರಿ! ಮಗ್ಗ ಬಂದ್!" ಪಂಚಾಂಗದಲ್ಲಿಲ್ಲದ ಹಬ್ಬ, ಹೊಸ ಕಾಳು ಪೇಟೆಗೆ ಬಂದಾಗ ಹಿಂದೂ, ಮುಸಲ್ಮಾನ ನೇಕಾರರೆಲ್ಲ ಸೇರಿ ತಾವೇ ಮಾಡಿಕೊಂಡದ್ದು. ಮಗ್ಗ ನಿಂತರೆ ಕೈ ಖಾಲಿ, ಕೈ ಖಾಲಿಯಾದರೆ ಬಾಯಿ ಬೇಡುತ್ತದೆ ಎಂದುಕೊಂಡು ಉಳಿದ ಕಾಳನ್ನೆಲ್ಲ ಹಬ್ಬದ ಹಿಂದಿನ ದಿನ ನೆನೆಹಾಕಿಬಿಟ್ಟೆ. ಹಬ್ಬದ ಬೆಳಿಗ್ಗೆ ಅರ್ಧ ಬೇಯಿಸಿದೆ. ಅರ್ಧವನ್ನು ಸಂಜೆಗೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ.

ಬಾಗಿಲ ಮುಂದೆ ಗಡಿಗೆ ಇಟ್ಟುಕೊಂಡು ಕುಳಿತೆ. ಒಬ್ಬರೂ ಬರಲಿಲ್ಲ. ಬಂದದ್ದು ಬಟ್ಟಲುಗಳು. ಎದುರು ಮನೆಯಿಂದ ಒಂದು, ಪಕ್ಕದ ಮನೆಯಿಂದ ಒಂದು, ಎಲ್ಲದರಲ್ಲೂ ಗುಗ್ಗರಿ! ಆ ದಿನ ಪ್ರತಿ ಮನೆಯಲ್ಲೂ ಕಾಳು ಬೇಯಿಸಿ ಪ್ರತಿ ಮನೆಗೂ ಕೊಡುವುದು ಅಲ್ಲಿಯ ರೂಢಿಯಂತೆ.

"ತಿನ್ನ ತಂಗಿ," ಎಂದಳು ಪಕ್ಕದ ಮನೆಯ ಬೂಬಮ್ಮ. "ಇವತ್ತ ರೊಕ್ಕಾ ಕೊಟ್ಟು ಯಾರು ಕಾಳು ತಗೋತಾರ? ಹುಚ್ಚಿ ಅದೀಯೇನು?"

ಬಂದ ಬಟ್ಟಲುಗಳನ್ನು ಬಾಗಿಲ ಪಕ್ಕ ಸಾಲಾಗಿ ಇಟ್ಟೆ. ಗಡಿಗೆಯ ಗುಗ್ಗರಿ ಬಿಸಿಲಿಗೆ ಹುಳಿ ವಾಸನೆ ಹಿಡಿಯತೊಡಗಿತು. ಅಷ್ಟರಲ್ಲಿ ಅಣ್ಣನ ಗಾಡಿ ಬಂದು ನಿಂತಿತು. ಅವನು ಗಡಿಗೆ ನೋಡಿದ, ಬಟ್ಟಲುಗಳ ಸಾಲು ನೋಡಿದ.

"ಊರಿಗೆಲ್ಲಾ ಬೀಗರೂಟ ಇಟ್ಟೀಯೇನವಾ? ನಡಿ, ಸಾಮಾನು ಕಟ್ಟು."

ಅಳು ಬಂತು. ಆದರೆ ಅಳುತ್ತ ಚೌಕಾಶಿ ಮಾಡಬಾರದು, ಎದುರಿನವನಿಗೆ ಬೆಲೆ ಗೊತ್ತಾಗಿಬಿಡುತ್ತದೆ. ಒಳಗೆ ಹೋಗಿ ಒದ್ದೆ ಗಂಟು ಬಿಚ್ಚಿದೆ. ಕಾಳು ಬೆಳ್ಳಗೆ ಮೊಳಕೆ ಒಡೆದಿತ್ತು.

"ಬರ್ತೀನಣ್ಣಾ. ಆದರ ಲಕ್ಷ್ಮೇಶ್ವರದಾಗ ನಾಳೆ ಸಂತಿ ಐತಿ. ಅಲ್ಲಿ ಗಾಡಿ ನಿಂದ್ರಸು. ಈ ಮೊಳಕಿ ಒಂದು ಹಿಡಿ ಉಳದ್ರೂ ಮುಂಡರಗಿಗೆ ಬಾಯಿ ಮುಚ್ಚಿ ನಡೀತೀನಿ. ಖಾಲಿ ಆದ್ರ, ನಾ ಬೆಟಗೇರಿಗೆ ತಿರುಗಿ ಹೋಗ್ತೀನಿ."

ಹೇಗೂ ಉಳಿಯುತ್ತದೆಂದು ಅವನು ಒಪ್ಪಿದ. ದಾರಿಯುದ್ದಕ್ಕೂ ಬುಟ್ಟಿಗೆ ನೀರು ಚಿಮುಕಿಸುತ್ತ ಕುಳಿತೆ. ಹಿಂದೆ ಲಕ್ಷ್ಮೇಶ್ವರವು ಸಂಸ್ಥಾನಕ್ಕೆ ಸೇರಿದ್ದಾಗ ಗಡಿಯಲ್ಲಿ ಸುಂಕದ ನಾಕೆಯವರು ತಡೆಯುತ್ತಿದ್ದರು, ಈಗ ಕೇಳುವವರಿರಲಿಲ್ಲ. ಸಂತೆಯಲ್ಲಿ ಗಂಟಲು ಬಿದ್ದುಹೋಗುವವರೆಗೆ ಕೂಗಿದೆ. ಕೊಳ್ಳುವವರು ಮೂಸಿ ನೋಡಿದರು, ಹೋದರು, ಮತ್ತೆ ಬಂದರು. ಬಿಸಿಲು ಇಳಿಯಿತು, ಜನ ಕರಗಿದರು. ಬುಟ್ಟಿಯ ತಳದಲ್ಲಿ ಒಂದೇ ಹಿಡಿ ಉಳಿದಿತ್ತು. ಅಣ್ಣ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ.

ಬುಟ್ಟಿ ಎತ್ತಿಕೊಂಡು ಅವನ ಮುಂದೆ ಹಿಡಿದೆ.

"ನೀನೂ ಗಿರಾಕಿನ. ತಗೋ."

ಅವನು ನೊಗದ ಹಗ್ಗ ಬಿಟ್ಟು ಇತ್ತ ತಿರುಗಿದ. ಆಮೇಲೆ ಅಂಗಿಯ ಕಿಸೆಯಿಂದ ಒಂದಾಣೆಯ ಬಿಲ್ಲೆ ತೆಗೆದು ನನ್ನ ಕೈಗಿಟ್ಟು, ರುಮಾಲಿನ ತುದಿ ಒಡ್ಡಿದ. ಉಳಿದ ಹಿಡಿಯನ್ನು ಅದರಲ್ಲಿ ಸುರಿದೆ.

"ಕೊಸರು? ಮ್ಯಾಲೊಂದು ಚಿಟಿಕಿ?" ಎಂದ.

"ಕೊಸರು ಇಲ್ಲ," ಎಂದು ಖಾಲಿ ಬುಟ್ಟಿ ಬೋರಲು ಹಾಕಿದೆ.